ಟಾಕೀಸ್ ಬೀದಿಯ ಮುಗಿಯದ ಸಂಜೆ

ನಮ್ಮೂರಿನಲ್ಲಿ ಯಾರಾದರೂ "ರಾತ್ರಿ ಬರ್ತೀನಿ" ಎಂದರೆ "ಯಾವ ಬೀದಿ ರಾತ್ರಿ?" ಎಂದು ಕೇಳಿ ಖಾತ್ರಿ ಮಾಡಿಕೊಳ್ಳುವುದು ವಾಡಿಕೆ. ಕೇಳದಿದ್ದರೆ ಕಾದು ಕಾದು ಕಾಲು ಸೋಲುವುದು ನಮ್ಮದೇ. ಒಂದೊಂದು ಬೀದಿಗೆ ಒಂದೊಂದು ಬಾವಲಿ ಗೂಡು. ಆ ಗೂಡಿನ ಬಾವಲಿಗಳು ಎದ್ದು ಹಾರಿದ ಮೇಲೆಯೇ ಆ ಬೀದಿಗೆ ಕತ್ತಲು. ಬಾವಿ ಬೀದಿಯ ಬಾವಲಿಗಳಿಗೆ ಸದಾ ಅವಸರ, ಹಸು ಮನೆಗೆ ಬರುವ ಮೊದಲೇ ಅಲ್ಲಿ ದೀಪ ಹಚ್ಚುತ್ತಾರೆ. ಅರಳಿಮರದ ಬೀದಿಯ ದೊಡ್ಡ ಬಾವಲಿಗಳಂತೂ ಮಹಾ ಸೋಮಾರಿಗಳು. ಊರೆಲ್ಲ ಉಂಡು ಎಲೆ ಎತ್ತಿದರೂ ಅಲ್ಲಿನ ಹೆಂಗಸರು ಬಿಸಿಲಲ್ಲಿ ಹಪ್ಪಳ ಒಣಗಿಸುತ್ತಿರುತ್ತಾರೆ. ಕತ್ತಲಾದ ಬೀದಿಯ ಮಕ್ಕಳು ಚೆಂಡು ಎತ್ತಿಕೊಂಡು ಬೆಳಕಿರುವ ಬೀದಿಗೆ ಓಡುತ್ತಾರೆ. ಬೇಗ ಮಲಗುವ ಅಭ್ಯಾಸದ ಮುದುಕರು ಚಾಪೆ ಸುತ್ತಿಕೊಂಡು ಬಾವಿ ಬೀದಿಯ ನೆಂಟರ ಮನೆ ಸೇರುತ್ತಾರೆ. ಬೆಳಗು ಮಾತ್ರ ಎಲ್ಲರಿಗೂ ಒಟ್ಟಿಗೇ ಆಗುತ್ತದೆ, ಅದರ ಬಗ್ಗೆ ಯಾರ ತಕರಾರೂ ಇಲ್ಲ. ಆದರೆ ರಾತ್ರಿಯಾಗದ ಬೀದಿಗೆ ಬೆಳಗೂ ಆಗುವುದಿಲ್ಲ ಎಂಬುದು ನಮಗೆ ಗೊತ್ತಾದದ್ದು ನನ್ನ ಮಗಳ ಮದುವೆಯಲ್ಲಿ.

ನಾನು ಅಂಬುಜಾಕ್ಷಿ. ಹಾಗೆಂದರೆ ಊರಿನಲ್ಲಿ ಯಾರಿಗೂ ತಿಳಿಯದು, ಪಿ.ಟಿ. ಮೇಡಂ ಎನ್ನಬೇಕು. ಊರಿನ ಅರ್ಧ ಜನ ನನ್ನ ಸೀಟಿಗೆ ಸಾಲಾಗಿ ನಿಂತು ಬೆಳೆದವರು. ಕೆಲಸದಿಂದ ನಿವೃತ್ತಿಯಾದರೂ ಸೀಟಿ ಕೊರಳು ಬಿಟ್ಟಿರಲಿಲ್ಲ. ಮನೆಯಲ್ಲೂ ಅದೇ ಶಿಸ್ತು. ನನ್ನ ಮಗಳು ಹೈಮಾ ಅಂಬೆಗಾಲು ಬಿಟ್ಟು ನಿಲ್ಲಲು ಕಲಿತ ಕೂಡಲೇ ನಾನು ಹೇಳಿಕೊಟ್ಟದ್ದು ಸಾವಧಾನ್ ಮತ್ತು ವಿಶ್ರಾಮ್. ಊಟಕ್ಕೆ ಮೊದಲು ಸಾವಧಾನ್, ಊಟವಾದ ಮೇಲೆ ವಿಶ್ರಾಮ್. ನಮ್ಮನೆಯವರು ಮಾತ್ರ ಮದುವೆಯಾದಾಗಿನಿಂದ ವಿಶ್ರಾಮ್‌ನಲ್ಲೇ ಇದ್ದಾರೆ, ಅವರನ್ನು ತಿದ್ದಲು ನನ್ನಿಂದ ಆಗಲಿಲ್ಲ.

ನಮ್ಮ ಮನೆ ಇರುವುದು ಟಾಕೀಸ್ ಬೀದಿಯಲ್ಲಿ. ಟಾಕೀಸು ಮುಚ್ಚಿ ಎಷ್ಟೋ ವರ್ಷವಾಯಿತು. ಅದರ ಪಕ್ಕದ ಗೋಡೆಗೆ ಅಂಟಿಕೊಂಡಂತೆ ನಮ್ಮ ಅಂಗಳ. ಟಾಕೀಸಿನ ಒಳಗೆ ಹೆಬ್ಬೆರಳು ಗಾತ್ರದ ಬಾವಲಿಗಳು ಸಾವಿರಗಟ್ಟಲೆ ಇವೆ. ಸಂಜೆ ಅವು ಮಾಡಿನ ಮೇಲೆ ಸುತ್ತು ಹೊಡೆಯುವುದನ್ನು ಬೀದಿಯ ಎಲ್ಲರೂ ಕಂಡವರೇ. ಎಲ್ಲಿಂದ ಹೊರಬರುತ್ತವೆ ಎಂದು ಮಾತ್ರ ಒಬ್ಬರೂ ಗಮನಿಸಿದವರಲ್ಲ. ಆ ಹೊತ್ತಿಗೆ ಎಲ್ಲರೂ ಒಳಗೆ ದೀಪ ಹಚ್ಚುವ ಗಡಿಬಿಡಿಯಲ್ಲಿರುತ್ತಿದ್ದೆವು. ನಾವು ಕತ್ತಲನ್ನು ನೋಡಿದ್ದೆವೇ ಹೊರತು ಬಾವಲಿಯ ದಾರಿಯನ್ನು ನೋಡಿರಲಿಲ್ಲ.

ಹೈಮಾಳಿಗೆ ಅರಳಿಮರದ ಬೀದಿಯ ಗಂಡು ಗೊತ್ತಾಯಿತು. ಹುಡುಗ ಪ್ರದ್ಯುಮ್ನ, ಗಡಿಯಾರ ರಿಪೇರಿ ಮಾಡುತ್ತಾನೆ. ಬೀದಿಗೊಂದು ಹೊತ್ತಿರುವ ಊರಿನಲ್ಲಿ ಗಡಿಯಾರ ರಿಪೇರಿಯವನಿಗೆ ಎಷ್ಟು ತಾಳ್ಮೆ ಬೇಕೆಂದು ಯೋಚಿಸಿ ನಾನು ಒಪ್ಪಿಕೊಂಡೆ. ಅವನ ತಾಯಿ ಕನಕಲಕ್ಷ್ಮಮ್ಮ ಶಾಸ್ತ್ರ ಸಂಪ್ರದಾಯದಲ್ಲಿ ಕೂದಲೆಳೆಯಷ್ಟೂ ಆಚೀಚೆ ಹೋಗುವವರಲ್ಲ. ನಾನು ಸೀಟಿ ಊದಿ ಮಾಡಿಸುವುದನ್ನು ಅವರು ಬರೀ ಹುಬ್ಬಿನಲ್ಲಿ ಮಾಡಿಸುತ್ತಿದ್ದರು. ಮದುವೆಯ ದಿನ ಬೆಳಗಾದ ಕೂಡಲೇ ಬಂದು ಅಂಗಳದ ತುಂಬ ಚಪ್ಪರ ಹಾಕಿದ್ದು ನನ್ನ ಹಳೇ ವಿದ್ಯಾರ್ಥಿ, ಶಾಮಿಯಾನದ ದಸ್ತಗೀರ್. "ಮೇಡಂ, ನಿಮ್ ಕೈಲಿ ಏಟು ತಿಂದು ಬೆಳ್ದೋನು ನಾನು. ಚಪ್ಪರ ಹೆಂಗಿರ್ತದೆ ನೋಡಿ, ಬಿರುಗಾಳಿ ಬಂದ್ರೂ ಅಲ್ಲಾಡಲ್ಲ" ಎಂದಿದ್ದ. ನಿಜಕ್ಕೂ ಅಲ್ಲಾಡಲಿಲ್ಲ. ಆಮೇಲೆ ಆದದ್ದಕ್ಕೆಲ್ಲ ಅದೇ ಕಾರಣ.

ಧಾರೆ ಚೆನ್ನಾಗಿಯೇ ನಡೆಯಿತು, ಮಧ್ಯಾಹ್ನದ ಊಟವೂ ಆಯಿತು. ಉಳಿದದ್ದು ಅರುಂಧತಿ ನಕ್ಷತ್ರ ತೋರಿಸುವ ಶಾಸ್ತ್ರವೊಂದೇ. ಬೇರೆ ಊರುಗಳಲ್ಲಿ ಹಾಡುಹಗಲಲ್ಲೇ ಹೆಣ್ಣುಗಂಡನ್ನು ಹೊರಗೆ ನಿಲ್ಲಿಸಿ, ಖಾಲಿ ಆಕಾಶಕ್ಕೆ ಬೆರಳು ತೋರಿಸಿ "ಅಗೋ ಅರುಂಧತಿ, ಕಂಡಳಾ?" ಎನ್ನುತ್ತಾರಂತೆ, ಅವರೂ ಬಿಸಿಲಿಗೆ ಕಣ್ಣು ಕಿರಿದು ಮಾಡಿ "ಹೂಂ, ಕಂಡಳು" ಎನ್ನುತ್ತಾರಂತೆ. ನಮ್ಮೂರಿನಲ್ಲಿ ಅಂಥ ಸುಳ್ಳು ನಡೆಯುವುದಿಲ್ಲ. ಹೆಣ್ಣಿನ ತವರಿನ ಹೊಸಿಲ ಮೇಲೆ ನಿಂತು, ಆ ಬೀದಿಯದೇ ಕತ್ತಲಲ್ಲಿ, ಇಬ್ಬರೂ ಕಣ್ಣಾರೆ ಚುಕ್ಕಿ ಕಾಣಬೇಕು. ಕಂಡ ಮೇಲೆಯೇ ಮದುವೆ ಪೂರ್ತಿ, ಅಲ್ಲಿಯ ತನಕ ಅರ್ಧ.

ಸಂಜೆಯಾಯಿತು, ಕಾಫಿ ತಿಂಡಿ ಕೊಟ್ಟೆವು. ಟಾಕೀಸಿನ ಮಾಡಿನ ಮೇಲೆ ಬಿಸಿಲು ಅರಿಶಿನ ಬಣ್ಣಕ್ಕೆ ತಿರುಗಿ ಅಲ್ಲೇ ನಿಂತಿತು. ಬಾವಿ ಬೀದಿಗೆ ಕತ್ತಲಾಯಿತು, ಮಿಲ್ ಬೀದಿಗೂ ಆಯಿತು. ಕೊನೆಗೆ ಅರಳಿಮರದ ಬೀದಿಯ ಸೋಮಾರಿಗಳೂ ಆಕಳಿಸಿ ಎದ್ದು ಹೋದವು. ಬೇರೆ ಬೀದಿಗಳಿಗೆ ಬೆಳಗಾಯಿತು, ಮತ್ತೆ ಸಂಜೆಯಾಯಿತು, ಮತ್ತೆ ಬೆಳಗಾಯಿತು. ನಮ್ಮ ಬೀದಿಯಲ್ಲಿ ಮಾತ್ರ ಅದೇ ಸಂಜೆ, ಅದೇ ಅರಿಶಿನ ಬಿಸಿಲು. ಬಾವಲಿಗಳು ಏಳಲೇ ಇಲ್ಲ.

ಬೀಗರನ್ನು ಮದುವೆಯ ದಿನ ಮುಗಿಯುವ ಮೊದಲು ಕಳಿಸುವ ಹಾಗಿಲ್ಲ. ದಿನವೇ ಮುಗಿಯದಿದ್ದರೆ? ರಾತ್ರಿಯಾಗದೆ ರಾತ್ರಿ ಊಟ ಬಡಿಸುವ ಹಾಗೂ ಇಲ್ಲ, ಕನಕಲಕ್ಷ್ಮಮ್ಮನವರು ಹುಬ್ಬು ಏರಿಸಿದರು. ಸಂಜೆಗೆ ಏನಿದ್ದರೂ ಸಂಜೆ ತಿಂಡಿ. ಹಾಗಾಗಿ ಬೋಂಡಾ ಕರಿದೆವು. ಬಜ್ಜಿ ಕರಿದೆವು. ಉಪ್ಪಿಟ್ಟು ಕಲಸಿದೆವು. ಮತ್ತೆ ಬೋಂಡಾ ಕರಿದೆವು. ಬೀಗರ ಕಡೆಯ ಮುದುಕರೊಬ್ಬರು ಕನಸಿನಲ್ಲಿ "ಅನ್ನ, ತಿಳಿಸಾರು" ಎಂದು ಕನವರಿಸಿದರು. ನಮ್ಮನೆಯವರು ಬಾಗಿಲ ಹಿಂದೆ ನಿಂತು ಪಿಸುಗುಟ್ಟಿದರು: "ಬಾವಲಿ ಮನೆಗೆ ನೆಂಟರು ಬಂದ್ರೆ ನೀನೂ ನೇತಾಡು, ನಾನೂ ನೇತಾಡ್ತೀನಿ ಅಂತಾರಲ್ಲ, ಹಾಗಾಯ್ತು ಕಣೆ ನಮ್ಮ ಕಥೆ."

ಆ ಪಿಸುಮಾತು ಚಪ್ಪರದ ತನಕ ಕೇಳಿ ಬೀಗರೂ ಸೇರಿ ಎಲ್ಲರೂ ನಕ್ಕೆವು, ಹೈಮಾ ನಗಲಿಲ್ಲ. ಬಾಸಿಂಗ ಕಟ್ಟಿಕೊಂಡು ಹಸೆಯ ಮೇಲೆ ಕೂತಿದ್ದಳು. ಪಕ್ಕದಲ್ಲಿ ಪ್ರದ್ಯುಮ್ನ ಯಾರದೋ ಕೈಗಡಿಯಾರ ಬಿಚ್ಚಿಕೊಂಡಿದ್ದ. ನೀರು ಕೊಡಲು ಹೋದಾಗ ಅವಳು ನನ್ನ ಸೆರಗು ಹಿಡಿದಳು.

"ಅಮ್ಮ, ಅರ್ಧ ಮದುವೆ ಮಾಡ್ಕೊಂಡು ಇನ್ನೆಷ್ಟು ಹೊತ್ತು ಕೂತಿರ್ಲಿ? ಅಲ್ಲಿಗೂ ಸೇರಿದೋಳಲ್ಲ, ಇಲ್ಲಿಗೂ ಸೇರಿದೋಳಲ್ಲ."

"ಇದು ನಿನ್ನ ಮನೆ ಅಲ್ವೇನೆ?"

"ನಿನ್ನೆ ತನಕ ಆಗಿತ್ತು" ಎಂದಳು. ಆಮೇಲೆ ತನಗೇ ನಗು ಬಂದು, "ನಿನ್ನೆ ಅಂದ್ರೆ ಯಾವಾಗ ಅಂತಾನೇ ಗೊತ್ತಾಗ್ತಿಲ್ಲ" ಎಂದು ತಲೆ ತಗ್ಗಿಸಿದಳು.

ಪಂಚಾಯಿತಿಯವರು ಮಿಲ್ ಬೀದಿಯಿಂದ ಎಸ್ತರ್‌ಳನ್ನು ಕಳಿಸಿದರು. ಬಾವಲಿ ಗೂಡುಗಳನ್ನು ನೋಡಿಕೊಳ್ಳುವುದೇ ಅವಳ ಕೆಲಸ. ಸಣ್ಣ ಹುಡುಗಿ, ಗಾಳಿ ಬೀಸಿದಷ್ಟೇ ಸಣ್ಣ ದನಿ. ಟಾಕೀಸಿನ ಮುಂಬಾಗಿಲಿಗೆ ಕಿವಿಯಿಟ್ಟು ಕೇಳಿ ಬಂದು, "ಒಳಗೇ ಇವೆ ಮೇಡಂ. ಎಚ್ಚರವಾಗಿವೆ, ಹಸಿದಿವೆ. ಯಾವುದೋ ಅಡ್ಡಿ ಇದೆ. ಹೀಗೇ ಬಿಟ್ರೆ ಬೇಸತ್ತು ಎಲ್ಲಾದ್ರೂ ಹಂಚಿನ ಸಂದಿಲಿ ನುಸುಳಿ ಊರೇ ಬಿಟ್ಟು ಹೋಗ್ತವೆ. ಹಾಗೆ ಹೋದವು ತಿರುಗಿ ಬರಲ್ಲ" ಎಂದಳು. ಬರದಿದ್ದರೆ ನಮ್ಮ ಬೀದಿಗೆ ಇನ್ನು ಯಾವತ್ತೂ ರಾತ್ರಿಯಿಲ್ಲ, ನನ್ನ ಮಗಳು ಯಾವತ್ತೂ ಅರ್ಧ ಮದುಮಗಳು.

"ಹಾಗಾದ್ರೆ ಒಳಗೆ ನುಗ್ಗಿ ಓಡ್ಸೋಣ. ನಾನು ಒಂದು ಸೀಟಿ ಊದಿದ್ರೆ..." ಎಂದು ಸೀಟಿಗೆ ಕೈ ಹಾಕಿದೆ.

ಎಸ್ತರ್ ನನ್ನ ಕೈಯನ್ನೇ ಹಿಡಿದುಕೊಂಡಳು. "ಬೇಡ ಮೇಡಂ. ಮರಿ ಇರೋ ಕಾಲ. ಗದ್ದಲಕ್ಕೆ ತಾಯಿ ಬೆಚ್ಚಿದ್ರೆ ಮರಿ ಕೆಳಗೆ ಬಿದ್ದು ಸಾಯುತ್ತೆ. ಒಳಗೆ ಹೋಗೋದೇ ಬೇಡ, ಹೊರಗಿಂದಲೇ ಸುತ್ತಲೂ ಕಾವಲು ಕೂತು ನೋಡ್ಬೇಕು. ನಾನೊಬ್ಬಳೇ ಸಾಲಲ್ಲ, ಬೀದಿಯವರು ಸ್ವಯಂಸೇವಕರಾಗಿ ಬನ್ನಿ. ಹೇಳ್ಕೊಡ್ತೀನಿ."

ಯಾರು ಬಂದಾರು ಎಂದುಕೊಂಡಿದ್ದೆ. ಮದುವೆಮನೆ ಪೂರ್ತಿ ಎದ್ದು ಬಂತು! ಬೋಂಡಾದಿಂದ ತಪ್ಪಿಸಿಕೊಳ್ಳಲು ಅದೊಂದೇ ದಾರಿಯಾಗಿತ್ತು. ಎಲ್ಲರಿಗಿಂತ ಮುಂದೆ ನಿಂತವರು ಕನಕಲಕ್ಷ್ಮಮ್ಮ. "ಶಾಸ್ತ್ರ ಅಂದ್ಮೇಲೆ ಎಲ್ಲದಕ್ಕೂ ಶಾಸ್ತ್ರ ಇರತ್ತೆ. ಬಾವಲಿ ನೋಡೋ ಶಾಸ್ತ್ರ ಏನಂತ ನಾನೂ ತಿಳ್ಕೋತೀನಿ" ಎಂದರು.

ಮೊದಲ ಪಾಠ ವಾಸನೆಯದು. ಬಾವಲಿಯ ಮೂಗಿಗೆ ಪರಿಮಳವೂ ಗಲಾಟೆಯೇ ಅಂತೆ. ಮಲ್ಲಿಗೆ ದಂಡೆ ತೆಗೆಯಿರಿ, ಪೌಡರ್ ಒರೆಸಿ, ಗಂಧ ತೊಳೆಯಿರಿ ಎಂದು ಎಸ್ತರ್ ಹೇಳಿದಾಗ ಬೀಗರ ಕಡೆಯ ಹೆಂಗಸರು ಆಸ್ತಿ ಬರೆದುಕೊಡು ಎಂದಂತೆ ಮುಖ ಮಾಡಿದರು. ಎರಡನೆಯ ಪಾಠ ಸದ್ದಿನದು. ರೇಷ್ಮೆ ಸೀರೆ ಸರಸರ ಎನ್ನುತ್ತದೆ, ಅದು ನಮಗೆ ಕೇಳದಿದ್ದರೂ ಅವಕ್ಕೆ ಕೇಳುತ್ತದೆ. ನೂಲಿನ ಸೀರೆ ಉಟ್ಟು ಬನ್ನಿ. "ಮದುವೆ ಮುಗಿಯೋ ಮುಂಚೆ ಬೀಗಿತ್ತಿ ರೇಷ್ಮೆ ಬಿಡೋದುಂಟೇ?" ಎಂದು ಕನಕಲಕ್ಷ್ಮಮ್ಮನವರು ಹುಬ್ಬು ಏರಿಸಿದರು. ಎಸ್ತರ್ ಸ್ವಲ್ಪ ಯೋಚಿಸಿ, "ಮೇಲೊಂದು ಹಳೇ ದುಪಟಿ ಹೊದ್ಕೊಂಡ್ರೆ ಸಾಕು ಅಮ್ಮ" ಎಂದಳು. ಹುಬ್ಬು ಇಳಿಯಿತು. ಆ ಹುಡುಗಿಯ ಮೇಲೆ ನನಗೆ ಗೌರವ ಹುಟ್ಟಿದ್ದು ಆಗಲೇ.

ಟಾರ್ಚಿಗೆ ಉಡುಗೊರೆ ಕಟ್ಟಿದ್ದ ಕೆಂಪು ಬಣ್ಣದ ಹಾಳೆ ಸುತ್ತಿದೆವು, ಕೆಂಪು ಬೆಳಕು ಬಾವಲಿಯ ಕಣ್ಣಿಗೆ ಅಷ್ಟಾಗಿ ಚುಚ್ಚುವುದಿಲ್ಲವಂತೆ. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡೆವು. ಬಿದ್ದ ಬಾವಲಿಯನ್ನು ಕೈಯಿಂದ ಮುಟ್ಟಬಾರದು, ಅವು ಬರುವ ದಾರಿಗೆ ಅಡ್ಡ ನಿಲ್ಲಬಾರದು ಎಂದು ಕಲಿತೆವು. ಕಡೆಗೆ ಬಂತು ಎಲ್ಲಕ್ಕಿಂತ ಕಷ್ಟದ ಪಾಠ. ಮಾತಾಡಬಾರದು! ಮದುವೆಗೆ ಬಂದವರು ಮಾತಾಡದೆ ಇರುವುದೆಂದರೆ ಮೀನು ನೀರು ಬಿಟ್ಟಂತೆ. ಒಬ್ಬರು ತಡೆದರೆ ಇನ್ನೊಬ್ಬರು ಕೆಮ್ಮುವರು, ಕೆಮ್ಮಿದವರನ್ನು ಗದರಿಸಲು ನಾಲ್ಕು ಜನ "ಶ್ಶ್" ಎನ್ನುವರು. ಎಸ್ತರ್ ತಲೆಯ ಮೇಲೆ ಕೈ ಹೊತ್ತು ಕೂತಳು.

ಇಷ್ಟು ಜನರನ್ನು ಸದ್ದಿಲ್ಲದೆ ನಡೆಸುವುದು ಹೇಗೆಂದು ನಾನೂ ಯೋಚನೆಗೆ ಬಿದ್ದೆ. ಸೀಟಿಯಿಲ್ಲದ ಪಿ.ಟಿ. ಮೇಡಂ ಎಂದರೆ ಉಪ್ಪಿಲ್ಲದ ಸಾರು. ಕೊನೆಗೆ ಸೀಟಿಯನ್ನು ಕೊರಳಿನಿಂದ ತೆಗೆದು ದೇವರ ಮನೆಯಲ್ಲಿಟ್ಟು ಬಂದು, ಎಲ್ಲರ ಎದುರು ನಿಂತು ಕೈಸನ್ನೆ ಹೇಳಿಕೊಟ್ಟೆ. ಎರಡು ಕೈಯನ್ನೂ ತೊಡೆಗೆ ಅಂಟಿಸಿದರೆ ಸಾವಧಾನ್, ಉಸಿರು ಬಿಗಿಹಿಡಿದು ಅಲ್ಲಾಡದೆ ನಿಲ್ಲಬೇಕು. ಎರಡು ಕೈ ಬೆನ್ನ ಹಿಂದೆ ಕಟ್ಟಿದರೆ ವಿಶ್ರಾಮ್, ಆಯಿತು, ಇನ್ನು ಭಯವಿಲ್ಲ, ಸಡಿಲವಾಗಬಹುದು. ಅಂಗೈ ಮೇಲಾದರೆ ಏಣಿಯೋ ಬೆಂಚೋ ಎತ್ತು, ಕೆಳಗಾದರೆ ಇಳಿಸು. ಹಸೆಯ ಮೇಲೆ ಕೂತೇ ಹೈಮಾ ಎಲ್ಲವನ್ನೂ ಮಾಡಿ ತೋರಿಸುತ್ತ ಪ್ರದ್ಯುಮ್ನನಿಗೂ ಕಲಿಸಿದಳು. ಊರಿನ ಅರ್ಧ ಜನ ನನ್ನ ಹಳೇ ಮಕ್ಕಳೇ ತಾನೆ, ಕೈ ನೋಡುತ್ತಲೇ ಕಾಲುಗಳು ತಾವಾಗಿ ಜೋಡಿಯಾದವು. ನನ್ನ ಜೀವಮಾನದಲ್ಲಿ ಅಷ್ಟು ಚೆಂದದ ಕವಾಯತು ನಡೆಸಿರಲಿಲ್ಲ, ಅದೂ ಪಿಟಕ್ಕೆನ್ನದೆ.

ಒಂದು ಮಾತು ಹೇಳಿಬಿಡುತ್ತೇನೆ. ಆ ಪಾಠಗಳು ಬೇಗ ಮುಗಿಯಲಿ ಎಂದು ನನಗೇನೂ ಅವಸರವಿರಲಿಲ್ಲ. ತಿರುಗಿ ನೋಡಿದಾಗಲೆಲ್ಲ ಹೈಮಾ ಅಲ್ಲೇ ಇರುತ್ತಿದ್ದಳು. ಸಾಕಿ ಸಲಹಿದ ಮಗಳನ್ನು ಕಳಿಸಿಕೊಡುವ ಗಳಿಗೆ ಯಾವ ತಾಯಿಗೆ ಬೇಕು? ಅವಳಿಗೆ ಕಷ್ಟವಾಗುತ್ತಿದೆ ಎಂದು ಸಂಕಟ, ಆದರೂ ಇದ್ದಾಳಲ್ಲ ಎಂದು ಸಮಾಧಾನ. ಎರಡೂ ಒಂದೇ ಹೊಟ್ಟೆಯಲ್ಲಿ, ಬೋಂಡಾದ ಜೊತೆಗೆ.

ಕಾವಲು ಶುರುವಾಯಿತು. ದಸ್ತಗೀರ್‌ನ ತಂಡ ಟಿಕೆಟ್ ಕಿಂಡಿಯ ಎದುರು ಕೂತಿತು, ನಮ್ಮನೆಯವರ ತಂಡ ಹಿತ್ತಲಿನ ಬಾಗಿಲಿಗೆ. ಕನಕಲಕ್ಷ್ಮಮ್ಮನವರಿಗೆ ಕೂತು ಕೂತು ಸೊಂಟ ಹಿಡಿದಿತ್ತು. ನಮ್ಮ ಚಪ್ಪರದ ಕೆಳಗೆ, ಟಾಕೀಸಿನ ಗೋಡೆಯ ಪಕ್ಕ ಜಮಖಾನ ಹಾಸಿಸಿಕೊಂಡು, "ನಾನು ಮಲಗೇ ನೋಡ್ತೀನಿ" ಎಂದು ದುಪಟಿ ಹೊದ್ದು ಅಂಗಾತ ಮಲಗಿದರು. ಅಲ್ಲಿಂದ ನೋಡಲು ಚಪ್ಪರದ ಬಟ್ಟೆ ಬಿಟ್ಟರೆ ಬೇರೇನೂ ಇಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಬೀಗಿತ್ತಿಗೆ ಹೇಳುವವರು ಯಾರು?

ಸ್ವಲ್ಪ ಹೊತ್ತಾದ ಮೇಲೆ ನನ್ನ ಸೀರೆಯ ನೆರಿಗೆ ಯಾರೋ ಎಳೆದಂತಾಯಿತು. ನೋಡಿದರೆ ಕನಕಲಕ್ಷ್ಮಮ್ಮ, ಮಲಗಿದಲ್ಲಿಂದಲೇ.

"ಅಂಬುಜಾಕ್ಷಮ್ಮ" ಎಂದು ಪಿಸುಗುಟ್ಟಿದರು, "ಗಾಳಿ ಇದೆಯಾ?"

"ಇಲ್ವಲ್ಲ."

"ಮತ್ತೆ ಆ ಮೂಲೇಲಿ ಬಟ್ಟೆ ಯಾಕೆ ಉಸಿರಾಡ್ತಿದೆ?"

ನಾನು ತಲೆಯೆತ್ತಿದೆ. ಚಪ್ಪರದ ಬಟ್ಟೆ ಗೋಡೆಗೆ ತಾಗುವ ಮೂಲೆಯಲ್ಲಿ ಒಳಗಿನಿಂದ ಯಾರೋ ಬೆರಳಾಡಿಸಿದಂತೆ ಉಬ್ಬುತ್ತಿತ್ತು, ತಗ್ಗುತ್ತಿತ್ತು. ಎಸ್ತರ್ ಏಣಿ ಹತ್ತಿ ಕೆಂಪು ಟಾರ್ಚು ಹಿಡಿದು ಇಣುಕಿದಳು, ಇಳಿದು ಬಂದಾಗ ಅವಳ ಕಣ್ಣಲ್ಲಿ ನೀರಿತ್ತು. ಗೋಡೆಯ ಮೇಲ್ಗಡೆ, ಹಿಂದೆ ಫ್ಯಾನು ಇದ್ದ ಕಡೆ, ಒಂದು ದುಂಡು ಕಂಡಿ. ಅದೇ ಅವುಗಳ ಹೆಬ್ಬಾಗಿಲು. ಕಂಡಿಯ ಅಂಚಿನಲ್ಲೊಂದು ಕಬ್ಬಿಣದ ಕೊಂಡಿ. ಆ ಕೊಂಡಿಗೇ ಚಪ್ಪರದ ಹಗ್ಗ, ಕಂಡಿಯ ತುಂಬ ಚಪ್ಪರದ ಬಟ್ಟೆ. ಬಟ್ಟೆಯ ಹಿಂದೆ ಸಾವಿರ ಪುಟ್ಟ ಮೂಗುಗಳು ದಾರಿ ಕಾಯುತ್ತಿದ್ದವಂತೆ.

ದಸ್ತಗೀರ್ ಹಣೆ ಚಚ್ಚಿಕೊಂಡ. "ಒಳ್ಳೇ ಗಟ್ಟಿ ಕೊಂಡಿ ಸಿಕ್ತಲ್ಲ ಅಂತ ಕಟ್ಬಿಟ್ಟೆ ಮೇಡಂ! ಈಗ್ಲೇ ಬಿಚ್ಚಾಕ್ತೀನಿ."

"ನಿಲ್ಲಪ್ಪ!" ಕನಕಲಕ್ಷ್ಮಮ್ಮನವರು ಸೊಂಟ ಮರೆತು ಎದ್ದು ಕೂತಿದ್ದರು. "ಅರುಂಧತಿ ನೋಡೋ ಮುಂಚೆ ಮದುವೆ ಚಪ್ಪರ ಬಿಚ್ಚೋದಾ? ನನ್ನ ಮಗ ಸೊಸೆ ಹಸೆ ಮೇಲಿದ್ದಾರೆ. ಎಲ್ಲಾದ್ರೂ ಉಂಟಾ?"

ಬಾವಲಿಗೆ ಸಿಕ್ಕ ಗಂಟು ಈಗ ನಮಗೂ ಸಿಕ್ಕಿತು. ಚಪ್ಪರ ಬಿಚ್ಚದೆ ಬಾವಲಿ ಬರದು, ಬಾವಲಿ ಬರದೆ ಕತ್ತಲಾಗದು, ಕತ್ತಲಾಗದೆ ಅರುಂಧತಿ ಕಾಣದು, ಅರುಂಧತಿ ಕಾಣದೆ ಚಪ್ಪರ ಬಿಚ್ಚುವಂತಿಲ್ಲ. ಕನಕಲಕ್ಷ್ಮಮ್ಮನವರದು ಬರೀ ಹಟವಾಗಿದ್ದರೆ ಜಗಳವಾಡಬಹುದಿತ್ತು. ಅವರ ಕಣ್ಣು ಹಸೆಯ ಮೇಲಿನ ಜೋಡಿಯನ್ನು ಬಿಟ್ಟು ಕದಲಲಿಲ್ಲ. ಮಕ್ಕಳಿಗೆ ಕೇಡಾದೀತು ಎಂಬ ಹೆದರಿಕೆ ಅದು, ನನಗೂ ಅರ್ಥವಾಗುವಂಥದ್ದು. ಎಲ್ಲರೂ ನನ್ನ ಮುಖ ನೋಡಿದರು. ಒಂದು ಗಳಿಗೆ, ಒಂದೇ ಗಳಿಗೆ, ಈ ಗಂಟು ಹೀಗೇ ಇದ್ದುಬಿಡಲಿ ಎಂದು ನನಗೆ ಅನ್ನಿಸಿತು.

ಆಗ ಹಸೆಯ ಮೇಲಿಂದ ದನಿ ಬಂತು. "ಚಪ್ಪರ ಕೈಯಲ್ಲಿ ಹಿಡ್ಕೊಂಡ್ರೂ ಚಪ್ಪರಾನೇ ಅಲ್ವಾ ಅತ್ತೆ?"

ಹೈಮಾ ಎದ್ದು ನಿಂತಿದ್ದಳು. ಅವಳು ಕನಕಲಕ್ಷ್ಮಮ್ಮನವರನ್ನು ಅತ್ತೆ ಎಂದು ಕರೆದದ್ದು ಅದೇ ಮೊದಲು. "ಬಿಚ್ಚೋದು ಬೇಡ. ಆ ಕಡೆ ಮಾತ್ರ ಎಲ್ಲರೂ ಸೇರಿ ಕೈಮೇಲೆ ಹಿಡ್ಕೊಂಡು ಸ್ವಲ್ಪ ತಗ್ಗಿಸೋಣ. ಅವು ಹೋಗ್ಲಿ. ಆಮೇಲೆ ಮತ್ತೆ ಎತ್ತಿ ಕಟ್ಟಿದ್ರಾಯ್ತು."

ಕನಕಲಕ್ಷ್ಮಮ್ಮನವರ ಹುಬ್ಬು ಮೇಲೆ ಹೋಗಿ ಅಲ್ಲೇ ಯೋಚಿಸುತ್ತ ನಿಂತಿತು. "ನೆಲ ಮುಟ್ಟಬಾರದು" ಎಂದರು.

"ಮುಟ್ಟಲ್ಲ" ಎಂದೆ ನಾನು. ನನ್ನ ಬಾಯಿಂದ ಆ ಮಾತು ಹೇಗೆ ಬಂತೋ.

"ಗಂಟು ಬಿಚ್ಚಬಾರದು."

"ಗಂಟು ಗಂಟಾಗೇ ಇರ್ತದೆ ಅಮ್ಮೋರೇ" ಎಂದ ದಸ್ತಗೀರ್. "ಹಗ್ಗಾನ ಕೊಂಡಿಯಿಂದ ಮೆಲ್ಲಗೆ ಜಾರಿಸ್ತೀನಿ, ಅಷ್ಟೇ."

"ಹೆಣ್ಣು ಗಂಡು ಚಪ್ಪರದ ನೆರಳು ಬಿಟ್ಟು ಹೋಗಬಾರದು."

"ನಾವೂ ಒಂದೊಂದು ಕಂಬ ಹಿಡ್ಕೋತೀವಿ ಬಿಡಮ್ಮ" ಎಂದ ಪ್ರದ್ಯುಮ್ನ, ಗಡಿಯಾರ ಜೇಬಿಗಿಳಿಸುತ್ತ.

ಬೀಗಿತ್ತಿಯ ಹುಬ್ಬು ಇಳಿಯಿತು. ಅವರು ದುಪಟಿ ಬಿಗಿಯಾಗಿ ಹೊದ್ದುಕೊಂಡು ಎದ್ದು ಹೋಗಿ ಎಲ್ಲರಿಗಿಂತ ಮೊದಲು ಒಂದು ಕಂಬಕ್ಕೆ ಕೈ ಹಾಕಿದರು.

ನಾನು ಮೇಲೆ, ಮನೆಯ ಜಗಲಿಯಲ್ಲಿ ಎಲ್ಲರಿಗೂ ಕಾಣುವಂತೆ ನಿಂತೆ. ಮದುವೆಗೆ ಬಂದವರೆಲ್ಲ, ಬೀದಿಯವರೆಲ್ಲ, ಅಡಿಗೆಯವರೂ ಎಣ್ಣೆಗೈ ಒರೆಸಿಕೊಂಡು ಬಂದು ಗೋಡೆ ಕಡೆಯ ಕಂಬಗಳನ್ನೂ ಬಟ್ಟೆಯ ಅಂಚನ್ನೂ ಹಿಡಿದರು. ಎರಡು ಕೈಯನ್ನೂ ತೊಡೆಗೆ ಅಂಟಿಸಿದೆ. ಸಾವಧಾನ್. ಒಂದು ಕೆಮ್ಮಿಲ್ಲ. ಬಳೆಗಳನ್ನು ಹೆಂಗಸರು ಮೊಣಕೈಗೆ ಏರಿಸಿಕೊಂಡಿದ್ದರು. ಅಂಗೈ ಮೇಲೆ ಮಾಡಿದೆ. ಕಂಬಗಳು ಗುಣಿಯಿಂದ ಎದ್ದವು. ದಸ್ತಗೀರ್ ಏಣಿಯ ಮೇಲೆ ಉಸಿರು ಬಿಗಿಹಿಡಿದು ಹಗ್ಗವನ್ನು ಕೊಂಡಿಯಿಂದ ಜಾರಿಸಿ, ಏಣಿ ಸರಿಸಿಕೊಂಡು ಪಕ್ಕಕ್ಕೆ ಹೋದ. ಚಪ್ಪರದ ಭಾರ ಈಗ ನಮ್ಮೆಲ್ಲರ ಕೈಮೇಲೆ. ಅಂಗೈಯನ್ನು ಮೆಲ್ಲಗೆ ಕೆಳಗೆ ಮಾಡಿದೆ. ಬಟ್ಟೆ ಗೋಡೆಯಿಂದ ಕಳಚಿ ಇಳಿಯಿತು, ಇಳಿಯಿತು, ಜನರ ತಲೆಯ ಮಟ್ಟಕ್ಕೆ ಬಂದು ನಿಂತಿತು. ಕೈಗಳೆಲ್ಲ ಮೇಲೆ. ದುಂಡು ಕಂಡಿ ಬಿಸಿಲಿಗೆ ಬಾಯಿ ತೆರೆದುಕೊಂಡಿತು.

ಏನೂ ಆಗಲಿಲ್ಲ.

ನಮ್ಮನೆಯವರು ಜೀವಮಾನದಲ್ಲಿ ಮೊದಲ ಸಲ ಸಾವಧಾನ್ ನಿಂತು ಬೆವರುತ್ತಿದ್ದರು. ಕನಕಲಕ್ಷ್ಮಮ್ಮನವರು ತಲೆಯ ಮೇಲೆ ಕೈಯೆತ್ತಿ ಕಂಬಕ್ಕೆ ಜೋತುಬಿದ್ದಂತೆ ನಿಂತು, ತುಟಿಯಲ್ಲೇ, ಸದ್ದು ಬರದಂತೆ, ಕಂಡಿಯ ಕಡೆ ನೋಡಿ ಅಂದರು: "ನೀನೂ ನೇತಾಡು, ನಾನೂ ನೇತಾಡ್ತೀನಿ." ನಗು ಎಲ್ಲರ ಕೈಗಳಿಂದ ಕೈಗಳಿಗೆ ಹರಿದು ಚಪ್ಪರ ಒಮ್ಮೆ ಮೆಲ್ಲಗೆ ಅಲುಗಿತು. ಯಾರ ಬಾಯಿಂದಲೂ ಒಂದು ಸದ್ದು ಹೊರಡಲಿಲ್ಲ.

ಮೊದಲು ಒಂದು ಬಂತು. ಕಂಡಿಯ ಅಂಚಿಗೆ ಬಂದು ಕೂತು ನಮ್ಮನ್ನೆಲ್ಲ ಹಾಜರಿ ತೆಗೆದುಕೊಂಡಂತೆ ನೋಡಿ ಹಾರಿತು. ಆಮೇಲೆ ಇನ್ನೊಂದು, ಆಮೇಲೆ ನಾಲ್ಕೈದು. ಆಮೇಲೆ ಎಣಿಕೆಗೇ ಸಿಗದಂತೆ ಹೊಗೆಯ ಹಾಗೆ ಸುರುಳಿ ಸುರುಳಿಯಾಗಿ ಹೊರಟವು. ರೆಕ್ಕೆಯ ಗಾಳಿ ನಮ್ಮ ತಲೆಗೂದಲು ತಾಗಿ ಹೋಯಿತು. ಎಷ್ಟೋ ತಾಯಿಯರ ಎದೆಗೆ ಮರಿಗಳು ಕಚ್ಚಿಕೊಂಡಿದ್ದವು. ಎಸ್ತರ್ ಮೂಗಿನ ಬಟ್ಟೆಯ ಮೇಲೆ ಕೈಯಿಟ್ಟುಕೊಂಡು ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. ಒಂದೊಂದು ಬಾವಲಿ ಹಾರಿದಂತೆ ಟಾಕೀಸಿನ ಮಾಡಿನ ಮೇಲಿದ್ದ ಅರಿಶಿನ ಬಿಸಿಲು ಒಂದೊಂದು ಚಿಟಿಕೆ ಕಡಿಮೆಯಾಯಿತು. ಗೋಡೆ ಕಂದಿತು, ಮುಖಗಳು ಮಸುಕಾದವು. ಕೊನೆಯದು ಹೋದ ಮೇಲೆ ನಮ್ಮ ಬೀದಿಗೆ, ಎಷ್ಟೋ ಕಾಲದ ಮೇಲೆ, ತಂಪಾದ ಪೂರಾ ಕತ್ತಲಾಯಿತು. ಬೀದಿಯ ಕೊನೆಯಲ್ಲಿ ಯಾವುದೋ ಮಗು ದೊಡ್ಡದಾಗಿ ಆಕಳಿಸಿತು.

ಚಪ್ಪರವನ್ನು ಮತ್ತೆ ಎತ್ತಿ ಕಟ್ಟಿದೆವು, ಈ ಸಲ ನಮ್ಮದೇ ಮನೆಯ ತೊಲೆಗೆ. ಪುರೋಹಿತರನ್ನು ಎಬ್ಬಿಸಿದೆವು. ಹೊಸಿಲ ಮೇಲೆ ಹೈಮಾ ಮತ್ತು ಪ್ರದ್ಯುಮ್ನ ನಿಂತು ಚಪ್ಪರದ ಅಂಚಿನಾಚೆಯ ಆಕಾಶ ನೋಡಿದರು. "ಕಂಡಳಾ?" ಎಂದು ಪುರೋಹಿತರು ಕೇಳಿದರು. "ಕಂಡಳು!" ಎಂದು ಅವರಿಬ್ಬರಿಗಿಂತ ಮೊದಲು ಬೀದಿಗೆ ಬೀದಿಯೇ ಕೂಗಿತು. ಅಷ್ಟು ಹೊತ್ತು ತಡೆದಿದ್ದ ಮಾತೆಲ್ಲ ಒಂದೇ ಸಲ ಒಡೆದು ಬಂತು. ಅನ್ನ, ತಿಳಿಸಾರು ಬಡಿಸಿದೆವು. ಬೀಗರ ಕಡೆಯ ಆ ಮುದುಕರು ಮೊದಲ ತುತ್ತನ್ನು ಕಣ್ಣು ಮುಚ್ಚಿ ತಿಂದರು. ಕನಕಲಕ್ಷ್ಮಮ್ಮನವರು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ತಮ್ಮ ಎಲೆಯ ಹೋಳಿಗೆ ಮುರಿದು ನನ್ನ ಎಲೆಗೆ ಹಾಕಿದರು. "ನಿಮ್ಮ ಮಗಳು ನನ್ನ ಹುಬ್ಬಿಗೆ ಉತ್ತರ ಹೇಳಿದ ಮೊದಲನೆಯವಳು. ಹೆದರ್ಬೇಡಿ, ಚೆನ್ನಾಗಿ ನೋಡ್ಕೋತೀನಿ" ಎಂದರು.

ಊಟವಾದ ಮೇಲೆ ಕಳಿಸಿಕೊಡುವುದು ಬಂತು. ಅಕ್ಕಿ ಬೆಲ್ಲ ಮಡಿಲು ತುಂಬಿದೆ. ನಾನು ಅಳಲಿಲ್ಲ, ಪಿ.ಟಿ. ಮೇಡಂ ಅಳುವುದಿಲ್ಲ. ನಮ್ಮನೆಯವರು ನನ್ನ ಪಾಲಿನದನ್ನೂ ಸೇರಿಸಿ ಅತ್ತರು. ನಮ್ಮ ಬೀದಿಯ ಕೊನೆಗೆ ಅರಳಿಮರದ ಬೀದಿ ಶುರುವಾಗುತ್ತದೆ. ಅಲ್ಲಿನ ಸೋಮಾರಿ ಬಾವಲಿಗಳು ಇನ್ನೂ ಎದ್ದಿರಲಿಲ್ಲ. ಹಾಗಾಗಿ ನಮ್ಮ ಕತ್ತಲು ಮುಗಿಯುವಲ್ಲಿ ಅವರ ಬೆಳಕು ಗೆರೆ ಎಳೆದಂತೆ ಶುರುವಾಗಿತ್ತು. ದಿಬ್ಬಣ ಕತ್ತಲಲ್ಲಿ ನಡೆದು ಹೋಗಿ ಆ ಗೆರೆ ದಾಟಿದ್ದೇ, ಒಬ್ಬೊಬ್ಬರ ಸೀರೆಯ ಬಣ್ಣವೂ ಹೊತ್ತಿಕೊಂಡಿತು. ಹೈಮಾಳ ಸೀರೆ ಎಲ್ಲಕ್ಕಿಂತ ಕೆಂಪಾಗಿತ್ತು.

ನಾನು ಜಗಲಿಯ ಕಂಬದ ಪಕ್ಕ ನಿಂತಿದ್ದೆ. ಎರಡು ಕೈಯೂ ತೊಡೆಗೆ ಅಂಟಿದ್ದವು. ಕಂಬಗಳನ್ನು ಎತ್ತಿಸುವಾಗ ಹಾಗೆ ನಿಂತವಳು ಆಮೇಲೆ ಎಲ್ಲ ಕೆಲಸ ಮಾಡಿದ್ದರೂ, ಒಳಗೆ ಇನ್ನೂ ಹಾಗೇ ನಿಂತಿದ್ದೆ ಎಂದು ಆಗ ತಿಳಿಯಿತು. ಬೆಳಕಿನಲ್ಲಿ ಹೈಮಾ ನಿಂತಳು, ತಿರುಗಿದಳು. ಕತ್ತಲಲ್ಲಿದ್ದ ನಾನು ಅವಳಿಗೆ ಕಾಣುವಂತಿರಲಿಲ್ಲ. ಹೇಗೆ ನಿಂತಿದ್ದೇನೆಂದು ಅವಳು ನೋಡಬೇಕಾಗಿಯೂ ಇರಲಿಲ್ಲ. ನನ್ನ ಕಡೆ ಮುಖ ಮಾಡಿ, ಮಡಿಲಕ್ಕಿಯನ್ನು ಅತ್ತೆಯ ಕೈಗೆ ಕೊಟ್ಟು, ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿ ನಿಂತಳು.

ವಿಶ್ರಾಮ್.

ಕತ್ತಲಲ್ಲಿ, ಯಾರಿಗೂ ಕಾಣದಂತೆ, ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ನಾನು ಅವಳ ಮಾತು ಕೇಳಿದೆ.